ಕೆಂಪು ನೂಲಿನ ಗೆರಟೆ

ಕಾರಡ್ಕ
12-1-2003

ಪ್ರೀತಿಯ ತಮ್ಮ ಜಯಪಾಲನಿಗೆ ಅಕ್ಕ ಸೌದಾಮಿನಿಯ ಆಶೀರ್ವಾದಗಳು.

ನೀನು ಶಾರ್ಜಾಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಇಷ್ಟು ದಿನ ನಿನ್ನ ಬೆಂಚಿನ ತಂಟೆಗೆ ಹೋಗಲಿಲ್ಲ. ದೇವರ ಕೋಣೆಯನ್ನೂ ನಾನು ಇಷ್ಟು ಹೆದರಿ ನೋಡಿದವಳಲ್ಲ. ಆದರೆ ಇನ್ನು ಆಗುವುದಿಲ್ಲ ಮಾರಾಯ.

ಹೊಲಿಗೆ ಮೆಷಿನ್ ರಿಪೇರಿ ಮಾಡುವವನ ಬೆಂಚಿನಲ್ಲಿ ಸ್ವಲ್ಪ ಕಸ ಇರುತ್ತದೆ, ಒಪ್ಪಿದೆ. ಇದು ಸ್ವಲ್ಪವಾ? ತುಂಡಾದ ಬೆಲ್ಟು, ತುಕ್ಕು ಹಿಡಿದ ಪೆಡಲು, ಗಟ್ಟಿಯಾದ ಗ್ರೀಸಿನ ಡಬ್ಬ, ಚಕ್ರ ಇಲ್ಲದ ಮೆಷಿನ್, ಮೆಷಿನ್ ಇಲ್ಲದ ಚಕ್ರ, ಯಾವ ಕಾಲದ್ದೋ ಪೇಪರಿನ ರಾಶಿ. ಎಲ್ಲ ಸೇರಿ ಕಿಟಕಿಯ ಅರ್ಧಕ್ಕೆ ಬಂದಿದೆ. ಈ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ಆ ಒಂದು ಕಿಟಕಿಯಿಂದ. ನನಗೆ ಈಗ ಸೂಜಿಗೆ ನೂಲು ಪೋಣಿಸಬೇಕಾದರೆ ಅಂಗಳಕ್ಕೆ ಇಳಿಯಬೇಕು. ಕಣ್ಣು ಮೊದಲಿನ ಹಾಗಿಲ್ಲ. ಬೆಂಚಿನ ಒಂದು ಬದಿ ಖಾಲಿಯಾದರೆ ನನ್ನ ಮೆಷಿನನ್ನು ಅಲ್ಲಿಗೆ ಎಳೆದುಕೊಳ್ಳಬಹುದು.

ವೀಸಾ ಬಂತೆಂದು ನೀನು ಅರ್ಧದಲ್ಲಿ ಬಿಟ್ಟು ಓಡಿದ ಮೂರು ಮೆಷಿನ್‌ಗಳೂ ಬಿಚ್ಚಿದ ಹಾಗೆಯೇ ಬಿದ್ದಿವೆ. ಒಂದು ಬೋವಿಕ್ಕಾನದ ಮರಿಯುಮ್ಮನದು. ಅವರ ಮಗ ರಿಯಾಝನೇ ನಿನಗೆ ಆ ಬಟ್ಟೆ ಫ್ಯಾಕ್ಟರಿಯ ಕೆಲಸ ಕೊಡಿಸಿದ್ದು, ಅವನ ಉಮ್ಮನ ಮೆಷಿನನ್ನೇ ಬಿಚ್ಚಿಟ್ಟು ಹೋಗಿದ್ದಿ ನೋಡು! ಇನ್ನೊಂದು ಮುಳ್ಳೇರಿಯದ ಟೈಲರ್ ವಾಸಪ್ಪಣ್ಣನದು. ಮೂರನೆಯದು ಯಾರದು? ಕೇಳಿಕೊಂಡು ಯಾರೂ ಬರಲಿಲ್ಲ.

ಎರಡು ವರ್ಷ ಕಳೆದು ಬಂದು ಇದೇ ಬೆಂಚಿನಲ್ಲಿ ಕೂರುತ್ತೇನೆ ಎಂದು ಹೇಳಿ ಹೋಗಿದ್ದಿ. ನೀನು ಕೂರಲಿಕ್ಕಾದರೂ ಜಾಗ ಬೇಡವಾ? ಬೇಗ ಉತ್ತರ ಬರೆ. ಫೋನ್ ಮಾಡಬೇಡ. ಪಕ್ಕದ ಮನೆಯವರ ಫೋನಿನಲ್ಲಿ ಮಾತಾಡಿದರೆ ನನಗಿಂತ ಮೊದಲು ಅವರಿಗೆ ಅರ್ಥವಾಗುತ್ತದೆ.

ಇತಿ ನಿನ್ನ ಅಕ್ಕ


ಕಾರಡ್ಕ
26-1-2003

ಪ್ರೀತಿಯ ಜಯಪಾಲನಿಗೆ,

ನಿನ್ನ ಉತ್ತರಕ್ಕೆ ಕಾದು ಸಾಕಾಯಿತು. ಕೆಲಸ ಮುಗಿಸಿಬಿಟ್ಟೆ. ಬೈಯಬೇಡ.

ಮೂರು ದಿನ ಹಿಡಿಯಿತು. ಪೇಪರ್ ರಾಶಿಯ ಅಡಿಯಲ್ಲಿ ಇಲಿ ಗೂಡು ಕಟ್ಟಿತ್ತು, ಗೂಡಿಗೆ ನನ್ನ ಅಳತೆ ಟೇಪಿನ ಅರ್ಧವನ್ನೇ ಹಾಸಿತ್ತು. ಅದಕ್ಕಿಂತ ದೊಡ್ಡದು ಕೇಳು. ನನ್ನ ದೊಡ್ಡ ಕತ್ತರಿ ಸಿಕ್ಕಿತು! ಅದನ್ನು ವಾಸಪ್ಪಣ್ಣ ಕೊಂಡುಹೋಗಿದ್ದಾರೆಂದು ಎರಡು ವರ್ಷದಿಂದ ಅವರ ಹತ್ತಿರ ಮುಖ ಕೊಟ್ಟು ಮಾತಾಡಿಲ್ಲ ನಾನು. ಇನ್ನು ಯಾವ ಮುಖದಿಂದ ಮಾತಾಡುವುದು ಹೇಳು. ಅದೂ ನಿನ್ನಿಂದಲೇ.

ಬೆಂಚಿನ ಉದ್ದಕ್ಕೂ ತೆಂಗಿನ ಗೆರಟೆಗಳನ್ನು ಸಾಲಾಗಿ ಇಟ್ಟಿದ್ದೆಯಲ್ಲ, ಒಂದೊಂದರಲ್ಲಿ ನಾಲ್ಕೋ ಐದೋ ಸ್ಕ್ರೂ. ಸಾಲದ್ದಕ್ಕೆ ಹೊರಗೆ ನೂಲು ಬೇರೆ ಸುತ್ತಿಕೊಂಡಿತ್ತು, ಕೆಲವಕ್ಕೆ ಹಸಿರು, ಕೆಲವಕ್ಕೆ ನೀಲಿ, ಕೆಲವಕ್ಕೆ ಕೆಂಪು. ನೂಲಿನ ತುಂಡು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಮೂವತ್ತು ವರ್ಷದಿಂದ ಗುಡಿಸಿದ್ದೇ ಗುಡಿಸಿದ್ದು. ಎಲ್ಲ ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಗೆರಟೆ ತೊಳೆದು ಒಣಗಿಸಿದೆ. ಸ್ಕ್ರೂಗಳನ್ನು ಚಿಮಿಣಿ ಎಣ್ಣೆಯಲ್ಲಿ ಉಜ್ಜಿ, ಸಣ್ಣದು, ನಡುವಿನದು, ದೊಡ್ಡದು ಎಂದು ಬೇರೆ ಮಾಡಿ ಮೂರು ಹಾರ್ಲಿಕ್ಸ್ ಬಾಟಲಿಗೆ ತುಂಬಿಸಿದೆ. ಬೆಳ್ಳಿಯ ಹಾಗೆ ಹೊಳೆಯುತ್ತವೆ. ನೀನು ಬಂದು ನೋಡಿದರೆ ಇದು ಯಾರ ಬೆಂಚು ಎಂದು ಕೇಳಬೇಕು!

ಈ ಕಾಗದವನ್ನು ಕಿಟಕಿಯ ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಅಕ್ಕ


ಶಾರ್ಜಾ
28-1-2003

ಪ್ರೀತಿಯ ಅಕ್ಕನಿಗೆ ಜಯಪಾಲನ ನಮಸ್ಕಾರಗಳು.

12ನೇ ತಾರೀಕಿನ ಕಾಗದ ನಿನ್ನೆ ಸಿಕ್ಕಿತು. ನಾನು, ರಿಯಾಝ್ ಇಬ್ಬರೂ ಸೌಖ್ಯ.

ಬೆಂಚು ಖಾಲಿ ಮಾಡು, ಬೇಡ ಎನ್ನುವುದಿಲ್ಲ. ನಿನಗೆ ಬೆಳಕು ಬೇಕೆಂದು ನನಗೆ ಮೊದಲೇ ಹೊಳೆಯಬೇಕಿತ್ತು. ಪೇಪರ್ ಸುಡು, ತುಕ್ಕಿನ ಸಾಮಾನು ಗುಜರಿಗೆ ಹಾಕು. ಆದರೆ ಒಂದು ಮಾತು, ಗೆರಟೆಗಳನ್ನು ಮಾತ್ರ ಮುಟ್ಟಬೇಡ. ಅದು ಕಸ ಅಲ್ಲ, ಅದು ನನ್ನ ಪುಸ್ತಕ. ಮೆಷಿನ್ ಬಿಚ್ಚಿದ ಹಾಗೆ ಎಡದಿಂದ ಬಲಕ್ಕೆ ಗೆರಟೆ ಇಡುತ್ತಾ ಹೋಗುತ್ತೇನೆ. ತಿರುಗಿ ಕೂಡಿಸುವಾಗ ಬಲದಿಂದ ಎಡಕ್ಕೆ ಬರುವುದು. ಯಾವ ಗೆರಟೆ ಯಾವ ಮೆಷಿನಿನದು ಎಂದು ಗೊತ್ತಾಗಲು ಅದರದೇ ಬಾಬಿನ್ ಉರುಳೆಯ ನೂಲು ಸುತ್ತಿಡುತ್ತೇನೆ. ಚೀಟಿ ಬರೆದರೆ ಎಣ್ಣೆಗೆ ಅಳಿಸಿಹೋಗುತ್ತದೆ. ಮೂರರದ್ದೂ ಕೆಟ್ಟ ಭಾಗ ಸರಿ ಮಾಡಿ ಆಗಿದೆ, ಕೂಡಿಸಲು ಮಾತ್ರ ಬಾಕಿ. ಹಸಿರು ಮರಿಯುಮ್ಮನದು, ನೀಲಿ ವಾಸಪ್ಪಣ್ಣನದು. ಕೆಂಪು ಯಾರದೆಂದು ಈಗ ಕೇಳಬೇಡ, ಬಂದ ಮೇಲೆ ಹೇಳುತ್ತೇನೆ.

ನಿನ್ನ ತಮ್ಮ
ಜಯಪಾಲ


ಶಾರ್ಜಾ
14-2-2003

ಅಕ್ಕಾ,

ಎಂತ ಮಾಡಿದೆ ಮಾರಾಯ್ತಿ! ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಮೂರು ಮೆಷಿನಿನ ಸ್ಕ್ರೂಗಳನ್ನು ಒಟ್ಟಿಗೆ ಹಾಕಿದ್ದು ಸಾಲದೆ ತಿಕ್ಕಿ ತೊಳೆದಿದ್ದಿ! ತುಕ್ಕಿನ ಬಣ್ಣ ನೋಡಿಯಾದರೂ ಯಾವುದು ಯಾವುದರದ್ದೆಂದು ಹೇಳಬಹುದಿತ್ತು, ಅದನ್ನೂ ಬಿಡಲಿಲ್ಲ ನೀನು. ನೋಡಲಿಕ್ಕೆ ಒಂದೇ ಹಾಗಿದ್ದರೂ ಅವುಗಳ ಮರೆ, ಮೈಮೇಲಿನ ಆ ಸುತ್ತುಗೆರೆ, ಬೇರೆ ಬೇರೆ. ತಪ್ಪಿದ್ದನ್ನು ಬಲವಂತದಿಂದ ತಿರುಗಿಸಿದರೆ ಒಳಗಿನ ಮರೆ ಹೋಗುತ್ತದೆ, ಮತ್ತೆ ಆ ಮೆಷಿನ್ ಗುಜರಿಗೇ.

ಹೊಳೆಯುತ್ತವಂತೆ! ಹೊಳೆಯಲಿಕ್ಕೆ ಅದೇನು ನಿನ್ನ ಮೂಗುಬೊಟ್ಟಾ?

ಮರಿಯುಮ್ಮನ ಹತ್ತಿರ, ವಾಸಪ್ಪಣ್ಣನ ಹತ್ತಿರ ನಾನು ಬರುವವರೆಗೆ ಕಾಯಲು ಹೇಳು. ನೀನು ಇನ್ನು ಅದಕ್ಕೆ ಕೈ ಹಾಕಬೇಡ. ಊರಿನ ಆ ಬೆಂಚು ಒಂದು ಉಂಟು ಎಂಬ ಧೈರ್ಯದಲ್ಲಿ ನಾನು ಇಲ್ಲಿ ದಿನ ದೂಡುತ್ತಿರುವುದು. ಅದೂ ನಿನಗೆ ಅರ್ಥವಾಗಲಿಲ್ಲವಲ್ಲ.

ಜಯಪಾಲ


ಕಾರಡ್ಕ
3-3-2003

ಜಯಪಾಲಾ,

ನಿನ್ನ ಎರಡು ಕಾಗದವೂ ಬಂತು. ಗೆರಟೆ ಮುಟ್ಟಬೇಡ ಎಂದು ಬರೆದದ್ದು ಬರುವಾಗ ಒಲೆಯ ಬೂದಿಯನ್ನೂ ತೆಂಗಿನ ಬುಡಕ್ಕೆ ಹಾಕಿ ಆಗಿತ್ತು. ತಪ್ಪು ನನ್ನದು. ಎರಡು ವಾರ ಕಾಯಬಹುದಿತ್ತು, ಕಾಯಲಿಲ್ಲ.

ಆದರೆ ಕಾಯಲು ಹೇಳು ಎಂದು ಬರೆಯುವುದು ಸುಲಭ. ಮೊನ್ನೆ ಮರಿಯುಮ್ಮ ಬಂದಿದ್ದರು. ಎಲ್ಲ ಹೇಳಿದೆ. ಅವರು ಬಾಟಲಿ ಎತ್ತಿ ಅಲುಗಾಡಿಸಿ ನೋಡಿ, "ಸಾರ ಇಲ್ಲ, ಬಿಡಿ ಸೌದಾಮಿನಿಯಕ್ಕ, ನನ್ನ ಮೆಷಿನ್ ಇದರ ಒಳಗೇ ಉಂಟಲ್ಲ, ಎಲ್ಲಿಗೂ ಹೋಗಲಿಲ್ಲವಲ್ಲ" ಎಂದು ನಕ್ಕರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಕ್ಕದ್ದಕ್ಕೆ ನನಗೆ ಅಳು ಬಂತು. ಅವರ ಮೆಷಿನ್ ನಾನೇ ಕೂಡಿಸಿ ಕೊಡುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ಬೈದದ್ದು ಸಾಕು, ಇನ್ನು ಹೇಳಿಕೊಡು. ಗಿಡ್ಡ ದಪ್ಪ ತಲೆಯ ಸ್ಕ್ರೂ ಎಲ್ಲಿಗೆ? ಮರೆ ಬೇರೆ ಎಂದು ಕಣ್ಣಿಗೆ ಕಾಣದಿದ್ದರೆ ತಿಳಿಯುವುದು ಹೇಗೆ? ಚಿತ್ರ ಬರೆದು ಕಳಿಸು.

ಅಕ್ಕ


ಶಾರ್ಜಾ
25-4-2003

ಅಕ್ಕನಿಗೆ ನಮಸ್ಕಾರ.

ಕಾಗದ ಸಿಕ್ಕಿತು. ಬರೆಯಲು ತಡವಾಯಿತು. ಕೆಲಸ ಜಾಸ್ತಿ.

ಚಿತ್ರ ಬರೆಯಲು ಈಗ ಪುರುಸೊತ್ತಿಲ್ಲ. ನಾನು ತುಂಬ ಯೋಚಿಸಿದೆ. ಆ ಬೆಂಚು, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಸಾಮಾನು ಎಲ್ಲ ಯಾರಿಗಾದರೂ ಕೊಟ್ಟುಬಿಡು. ಮೆಷಿನ್‌ಗಳನ್ನು ಹಾಗೆಯೇ ಅವರವರ ಮನೆಗೆ ಕಳಿಸು. ನಾನು ಇನ್ನು ಆ ಕೆಲಸಕ್ಕೆ ಬರುವುದಿಲ್ಲ. ಇಲ್ಲಿಯೇ ಇರುತ್ತೇನೆ. ಕೋಣೆ ನೀನು ಇಟ್ಟುಕೋ, ನಿನಗೆ ಬೆಳಕು ಸಿಗುತ್ತದೆ.

ಇದನ್ನು ರಿಯಾಝ್ ಬರೆಯುತ್ತಿದ್ದಾನೆ. ಮುಳ್ಳೇರಿಯದ ಶಾಲೆಯಲ್ಲಿ ಕನ್ನಡದಲ್ಲೇ ಕಲಿತವನು, ಅವನ ಅಕ್ಷರ ಚಂದ.

ಜಯಪಾಲ


ಕಾರಡ್ಕ
12-5-2003

ಜಯಪಾಲಾ,

ಅಕ್ಷರ ಚಂದ ಉಂಟು ಎಂದು ರಿಯಾಝನಿಗೆ ಹೇಳು. ನನ್ನ ತಮ್ಮನ ಕೋಳಿ ಕೆದರಿದ ಹಾಗಿನ ಅಕ್ಷರವೇ ನನಗೆ ಬೇಕಿತ್ತು. ಸಹಿ ಕೂಡ ಅವನದೇ. ಒಂದು ಹಿಡಿ ನೂಲು ಗುಡಿಸಿದ್ದಕ್ಕೆ ಅಕ್ಕನಿಗೆ ಸ್ವಂತ ಕೈಯಲ್ಲಿ ಎರಡು ಸಾಲು ಬರೆಯದಷ್ಟು ಸಿಟ್ಟಾ? ಸಣ್ಣದಿರುವಾಗಲೂ ಹಾಗೆಯೇ, ಕೋಪ ಬಂದರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಿ. ಈಗ ಸಮುದ್ರದ ಆಚೆ ಹೋಗಿ ಮಲಗಿದ್ದಿ.

ಬೆಂಚು ಕೊಡುವುದಿಲ್ಲ. ಹೇಳಿದ್ದು ಕೇಳಿತಾ? ಕೊಡುವುದಿಲ್ಲ.

ಇನ್ನು ನಾನು ಮಾಡಿದ್ದನ್ನು ಕೇಳು. ಚಿತ್ರಕ್ಕೆ ಕಾದು ಸಾಕಾಗಿ, ನಿನ್ನ ಈ ಕಾಗದ ಬರುವ ಮೊದಲೇ ನನ್ನ ಮೆಷಿನನ್ನೇ ಬಿಚ್ಚಿದೆ. ಹೌದು, ಅನ್ನ ಕೊಡುವ ಮೆಷಿನ್, ಶಾಲೆಯ ಯೂನಿಫಾರ್ಮಿನ ರಾಶಿ ಮೂಲೆಯಲ್ಲಿ ಕಾಯುತ್ತಿರುವಾಗ! ನಾನು ತೊಳೆದಿಟ್ಟ ಗೆರಟೆಗಳನ್ನು ಸಾಲಾಗಿ ಇಟ್ಟೆ. ಒಂದು ಸ್ಕ್ರೂ ಬಿಚ್ಚಿದೆ, ಮೊದಲ ಗೆರಟೆ. ಎರಡನೆಯದು, ಎರಡನೆಯ ಗೆರಟೆ. ಎಡದಿಂದ ಬಲಕ್ಕೆ, ನೀನು ಬರೆದ ಹಾಗೆ. ಅದು ಕೂತಿದ್ದ ಜಾಗ ನೋಡಿ, ಅಂಥದ್ದನ್ನೇ ಬಾಟಲಿಯಿಂದ ಹುಡುಕಿ ಮರಿಯುಮ್ಮನ ಮೆಷಿನಿಗೆ ಬೆರಳ ತುದಿಯಲ್ಲಿ ಮೆಲ್ಲ ತಿರುಗಿಸುವುದು. ಹೋದರೆ ಹೋಯಿತು, ತಡೆದರೆ ತೆಗೆಯುವುದು, ಬಲವಂತ ಇಲ್ಲ. ನೀನು ಬೈದ ಕಾಗದವನ್ನೇ ಎದುರಿಗೆ ಇಟ್ಟುಕೊಂಡಿದ್ದೆ. ಒಂಬತ್ತು ದಿನ ಬೇಕಾಯಿತು. ಮರಿಯುಮ್ಮ ನಡುವೆ ಮೂರು ಸಲ ಬಂದು, ಪಕ್ಕದಲ್ಲಿ ಕೂತು ಯೂನಿಫಾರ್ಮಿಗೆ ಬಟನು ಹೊಲಿದುಕೊಟ್ಟು ಹೋದರು.

ಹತ್ತನೆಯ ದಿನ ಅವರೇ ಪೆಡಲು ಒತ್ತಿದರು. ಚಕ್ರ ತಿರುಗಿತು ಕಣಾ! ಹೊಲಿಗೆ ಬಿತ್ತು! ಮರಿಯುಮ್ಮ ನನ್ನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. "ಇದು ಜಯಪಾಲನ ಕೈಯೇ" ಎಂದರು. ನಾನು ನಿನ್ನ ಕೆಲಸವನ್ನು ಇಷ್ಟು ದಿನ ಗ್ರೀಸು, ಗಲೀಜು ಎಂದೇ ನೋಡಿದ್ದೆ. ಅದರ ಹಿಂದೆ ಎಷ್ಟು ತಾಳ್ಮೆ ಉಂಟು ಎಂದು ಗೊತ್ತಾದದ್ದು ಆಗ. ಇದನ್ನು ಹೇಳಲಿಕ್ಕೇ ಈ ಕಾಗದ.

ಈಗ ವಾಸಪ್ಪಣ್ಣನದಕ್ಕೆ ಕೈ ಹಾಕಿದ್ದೇನೆ. ಕತ್ತರಿಯ ಪಾಪವೂ ತೀರಲಿ.

ಅಕ್ಕ


ಶಾರ್ಜಾ
8-6-2003

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ರಿಯಾಝನಿಗೂ ಓದಿ ಹೇಳಿದೆ. ತನ್ನ ಉಮ್ಮನ ವಿಷಯ ಬಂದಲ್ಲಿ ಅವನು ಎರಡು ಸಲ ಓದಿಸಿದ. ನೀನು ಮಾಡಿದ್ದು ಸಣ್ಣ ಕೆಲಸ ಅಲ್ಲ ಅಕ್ಕ. ನನಗೆ ಐ.ಟಿ.ಐ.ಯಲ್ಲಿ ಅದಕ್ಕೆ ಒಂದು ವರ್ಷ ಹಿಡಿದಿತ್ತು.

ಸಿಟ್ಟು ಇಲ್ಲ. ನಂಬು. ಆದರೆ ಬೆಂಚಿನ ವಿಷಯದಲ್ಲಿ ನಾನು ಹೇಳಿದ್ದು ಹಾಗೆಯೇ. ಅದನ್ನು ಇಟ್ಟುಕೊಂಡು ನಾನು ಎಂತ ಮಾಡುವುದು? ನೋಡಿದರೆ ಬೇಜಾರು ಮಾತ್ರ. ಕೊಟ್ಟುಬಿಡು.

ಜಯಪಾಲ

(ಒಳಗೆ ಮಡಚಿಟ್ಟ ಚೀಟಿ)

ಸೌದಾಮಿನಿಯಕ್ಕನಿಗೆ ಮುಹಮ್ಮದ್ ರಿಯಾಝ್ ಬರೆಯುವುದು. ಕಾಗದ ಅಂಟಿಸುವ ಮೊದಲು ಜಯಪಾಲಣ್ಣನಿಗೆ ಗೊತ್ತಿಲ್ಲದೆ ಇದನ್ನು ಇಡುತ್ತಿದ್ದೇನೆ. ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ. ನನ್ನ ಉಮ್ಮನಿಗೆ ನೀವು ಅಷ್ಟು ಮಾಡಿದ ಮೇಲೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮಾರ್ಚ್ ಹದಿನಾಲ್ಕಕ್ಕೆ ಇಲ್ಲಿ ಮೆಷಿನಿನ ಬೆಲ್ಟಿಗೆ ಅಣ್ಣನ ಬಲಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಅರ್ಧ ಅರ್ಧ ಹೋಗಿವೆ. ಗಾಯ ಒಣಗಿದೆ. ಈಗ ಸ್ಟೋರಿನಲ್ಲಿ ಕೂರಿಸಿದ್ದಾರೆ. ಪೆನ್ನು ಹಿಡಿಯಲು ಆಗುವುದಿಲ್ಲ, ಅದಕ್ಕೇ ನಾನು ಬರೆಯುವುದು, ಸಿಟ್ಟಿನಿಂದ ಅಲ್ಲ. "ಸ್ಕ್ರೂ ಹಿಡಿಯಲಾಗದ ನನಗೆ ಊರಿನಲ್ಲಿ ಎಂತ ಕೆಲಸ" ಎನ್ನುತ್ತಾರೆ ಅಣ್ಣ. ನಿಮ್ಮ ಕಾಗದಗಳು ಮಾತ್ರ ಅವರ ದಿಂಬಿನ ಅಡಿಯಲ್ಲೇ ಇವೆ.


ಕಾರಡ್ಕ
12-7-2003

ಪ್ರೀತಿಯ ತಮ್ಮ ಜಯಪಾಲನಿಗೆ ಅಕ್ಕನ ತುಂಬಾ ಆಶೀರ್ವಾದಗಳು.

ಕಳೆದ ಸಲ ಬರೆದ ಬಿರುಸು ಮಾತುಗಳನ್ನು ಮರೆತುಬಿಡು. ರಿಯಾಝನ ಅಕ್ಷರ ನಿಜವಾಗಿಯೂ ಚಂದ. ಅವನ ಕೈಯಿಂದಲೇ ಬರೆಸು, ನನಗೆ ಏನೂ ಬೇಜಾರಿಲ್ಲ. ಅವನು ನಿನ್ನ ಹತ್ತಿರ ಇದ್ದಾನಲ್ಲ, ದೇವರು ಅವನನ್ನು ಚೆನ್ನಾಗಿಡಲಿ.

ಬೆಂಚಿನ ಸುದ್ದಿ ಹೇಳುತ್ತೇನೆ. ಕಳೆದ ತಿಂಗಳ ಕೊನೆಗೆ ವಾಸಪ್ಪಣ್ಣ ತಮ್ಮ ಮೆಷಿನ್ ಕೊಂಡುಹೋಗಲು ಬಂದಿದ್ದರು. ಕತ್ತರಿಯ ವಿಷಯ ಹೇಳಿ ಕ್ಷಮೆ ಕೇಳಿದೆ. "ಅದಕ್ಕಾ ನೀನು ಮುಖ ತಿರುಗಿಸಿದ್ದು? ನಿನ್ನ ಗಿರಾಕಿ ಒಬ್ಬಳು ನನ್ನ ಹತ್ತಿರ ರವಕೆ ಹೊಲಿಸಿದ್ದಕ್ಕೆಂದು ಗ್ರಹಿಸಿದ್ದೆ" ಎಂದು ಹೊಟ್ಟೆ ಹಿಡಿದು ನಕ್ಕರು. ಬಂದವರನ್ನು ಸುಮ್ಮನೆ ಬಿಡಲಿಲ್ಲ. ಅವರಿಂದಲೇ ವೈಸಿನ ಬೋಲ್ಟು ಬಿಚ್ಚಿಸಿದೆ. ಬಲ ಮೂಲೆಯಲ್ಲಿ ಇದ್ದದ್ದನ್ನು ಎಡ ಮೂಲೆಗೆ ಕೂರಿಸಿದ್ದೇವೆ. ಗೋಡೆಯ ಮೊಳೆಗಳನ್ನು ಕಿತ್ತು ಸ್ಕ್ರೂಡ್ರೈವರು, ಸ್ಪ್ಯಾನರು ಎಲ್ಲ ಎಡಗೈಗೆ ಎಟಕುವ ಹಾಗೆ ತೂಗುಹಾಕಿದೆ. ಗೆರಟೆಯ ಸಾಲನ್ನೂ ಬಲದಿಂದ ಎಡಕ್ಕೆ ಮಾಡಿದೆ. ಯಾಕೆ ಎಂದು ಕೇಳಬೇಡ.

ಮೂರನೆಯ ಮೆಷಿನನ್ನು ಎಡಗೈಯಲ್ಲೇ ಕೂಡಿಸಬೇಕೆಂದು ಹಟ ಹಿಡಿದೆ. ಬಲಗೈಯ ಎರಡು ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಕೂತೆ. ಮೊದಲ ದಿನ ಸ್ಕ್ರೂ ಬಿದ್ದದ್ದೇ ಬಿದ್ದದ್ದು, ನೆಲದಲ್ಲಿ ತೆವಳಿ ಹುಡುಕಿ ಸೊಂಟ ಹೋಯಿತು. ನಾಲ್ಕನೆಯ ದಿನ ಒಂದು ಕೂತಿತು. ಹದಿನೈದನೆಯ ದಿನಕ್ಕೆ ಇಡೀ ಮೆಷಿನ್ ಆಯಿತು. ನಲ್ವತ್ತೆಂಟು ವರ್ಷದ ಮುದುಕಿಯ ಎಡಗೈ ಕಲಿಯುತ್ತದೆ ಜಯಪಾಲಾ. ಬೆಂಚನ್ನು ಬೇಕಾದ ಹಾಗೆ ತಿರುಗಿಸಿ ಇಟ್ಟರೆ ಆಯಿತು. ಇದನ್ನು ನಾನು ಸುಮ್ಮನೆ ಹೇಳುವುದಲ್ಲ, ಮಾಡಿ ನೋಡಿ ಹೇಳುತ್ತಿದ್ದೇನೆ.

ಆ ಮೆಷಿನ್ ಎಷ್ಟು ಹಗುರ ಓಡುತ್ತದೆ ಗೊತ್ತುಂಟಾ! ನನ್ನದು ಮಾತಾಡಿದ್ದು ಕೇಳದಷ್ಟು ಕಟಕಟ ಮಾಡುತ್ತದೆ, ಇದು ಉಸಿರೇ ಬಿಡುವುದಿಲ್ಲ. ಒಂದು ಗೇಣು ಹೊಲಿದು ನೋಡಿ, ಪಾಪ ಯಾರದೋ ಏನೋ ಎಂದು ಬಟ್ಟೆ ಮುಚ್ಚಿ ಇಟ್ಟಿದ್ದೇನೆ. ಒಂದು ಸ್ಕ್ರೂ ಮಾತ್ರ ಉಳಿದಿದೆ, ಅದರ ಜಾಗ ಸಿಗಲಿಲ್ಲ. ಬಾಬಿನ್ ಮುಚ್ಚುವ ತಗಡು ಆಗಾಗ ಜಾರುತ್ತದೆ, ಬೇರೆ ತೊಂದರೆ ಇಲ್ಲ. ಯಾರದು ಅದು? ಈಗಲಾದರೂ ಹೇಳು, ಕಳಿಸಿಕೊಡುತ್ತೇನೆ.

ಊರಿನಲ್ಲಿ ನಿನಗೆ ಕೆಲಸ ಎಂತ ಎಂದು ಯಾರೂ ಕೇಳುವುದಿಲ್ಲ. ವಾರಕ್ಕೆ ನಾಲ್ಕು ಮಂದಿ ಮೆಷಿನ್ ಹೊತ್ತು ತರುತ್ತಾರೆ. ನನಗೆ ಗೊತ್ತಿರುವುದು ಬಿಚ್ಚುವುದು ಮತ್ತು ಕೂಡಿಸುವುದು. ಎಲ್ಲಿ ಕೆಟ್ಟಿದೆ ಎಂದು ಶಬ್ದ ಕೇಳಿ ಹೇಳುವ ಕಿವಿ ನಿನ್ನದು. ಅದು ನನಗೆ ಇಲ್ಲ.

ಅಕ್ಕ


ಶಾರ್ಜಾ
20-8-2003

ಪ್ರೀತಿಯ ಅಕ್ಕನಿಗೆ,

ಇದು ನನ್ನ ಕೈ. ಎಡಗೈ. ಒಂದನೇ ಕ್ಲಾಸಿನ ಮಕ್ಕಳ ಅಕ್ಷರದ ಹಾಗೆ ಉಂಟು, ನಗಬೇಡ. ಈ ಕಾಗದಕ್ಕೆ ಆರು ದಿನ ಬೇಕಾಯಿತು.

ವೈಸು ಎಡಕ್ಕೆ ಎಂದು ಓದಿದಾಗಲೇ ರಿಯಾಝ್ ಹೇಳಿದ್ದಾನೆಂದು ತಿಳಿಯಿತು. ಅವನನ್ನು ಬೈದೆ. ಆಮೇಲೆ ಚಾ ಕುಡಿಸಿದೆ. ನಿನ್ನಿಂದ ಮುಚ್ಚಿಟ್ಟದ್ದು ಹೆದರಿ ಅಕ್ಕ. ನೀನು ಅಳುತ್ತೀ ಎಂದು ಹೆದರಿದ್ದೆ. ನೀನು ಬೆಂಚು ತಿರುಗಿಸಿದೆ.

ಕೆಂಪು ನೂಲಿನ ಮೆಷಿನ್ ಯಾರದೆಂದು ಕೇಳಿದ್ದಿ. ನಿನ್ನದು. ಹಳೆಯ ಒಳ್ಳೆಯ ಮೆಷಿನ್ ಒಂದು ಕಾಸರಗೋಡಿನಲ್ಲಿ ಸಿಕ್ಕಿತ್ತು. ಸರಿ ಮಾಡಿ ದೀಪಾವಳಿಗೆ ಕೊಡಬೇಕೆಂದಿದ್ದೆ, ಅಷ್ಟರಲ್ಲಿ ವೀಸಾ ಬಂತು. ಗೆರಟೆಗೆ ಸುತ್ತಿದ ನೂಲು ನಿನ್ನ ಬಾಬಿನ್ನಿನಿಂದ ಕದ್ದದ್ದು. ನಿನ್ನ ನೂಲನ್ನೇ ನೀನು ಗುಡಿಸಿ ಒಲೆಗೆ ಹಾಕಿದ್ದಿ.

ಆ ಕಟಕಟ ಮಾಡುವ ಮೆಷಿನಿನಲ್ಲಿ ಹೊಲಿದು ನೀನು ನನ್ನನ್ನು ಐ.ಟಿ.ಐ.ಗೆ ಕಳಿಸಿದೆ. ನಿನಗೆ ಬಂದ ಎರಡು ಸಂಬಂಧವನ್ನೂ ನೀನೇ ಬೇಡ ಎಂದೆ, ನನ್ನನ್ನು ನೋಡಿಕೊಳ್ಳುವವರಿಲ್ಲ ಎಂದು. ನನಗೆ ಗೊತ್ತಿತ್ತು. ಇಷ್ಟು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಮೆಷಿನ್ ಕೊಟ್ಟು ಹೇಳುವ ಎಂದಿದ್ದೆ. ಅದನ್ನೂ ನೀನೇ ಕೂಡಿಸಿಕೊಂಡೆ. ನನ್ನ ಬೆರಳು ಹೋದದ್ದಕ್ಕೆ ನಿನ್ನ ಬೆರಳಿಗೆ ಬಟ್ಟೆ ಸುತ್ತಿಕೊಂಡೆ. ಇದಕ್ಕೆ ನಾನು ಎಂತ ಹೇಳಲಿ ಅಕ್ಕ.

ಅಕ್ಟೋಬರ್ ಮೂರಕ್ಕೆ ಟಿಕೆಟ್ ಆಗಿದೆ. ಕಲ್ಲಿಕೋಟೆಯಲ್ಲಿ ಇಳಿದು ಮರುದಿನ ರೈಲಿನಲ್ಲಿ ಕಾಸರಗೋಡಿಗೆ ಬರುತ್ತೇನೆ.

ಉಳಿದ ಆ ಸ್ಕ್ರೂ ನಿನ್ನ ಮೆಷಿನಿನದು. ಅದರ ಜಾಗ ಅಡಿಯಲ್ಲಿ ಉಂಟು, ತಗಡಿನ ಸ್ಪ್ರಿಂಗಿಗೆ. ಮಗುಚಿ ನೋಡಿದರೆ ನಿನಗೆ ಸಿಗುತ್ತದೆ. ನೋಡಬೇಡ. ಅದನ್ನು ನಾನು ಬಂದು ಹಾಕುತ್ತೇನೆ.

ಜಯಪಾಲ


ಕಾರಡ್ಕ
5-9-2003

ಪ್ರೀತಿಯ ಜಯಪಾಲನಿಗೆ,

ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಣ್ಣೀರು ಕಾಗದದ ಮೇಲೆ ಬಿದ್ದು ನಿನ್ನ ಆರು ದಿನದ ಅಕ್ಷರ ಒಂದೆರಡು ಕಡೆ ಅಳಿಸಿಹೋಗಿದೆ. ಮರಿಯುಮ್ಮನಿಗೆ ಓದಿ ಹೇಳಿದೆ. ಅವರೂ ಅತ್ತರು. ಆಮೇಲೆ ಇಬ್ಬರೂ ಹೊಸ ಮೆಷಿನಿನ ಬಟ್ಟೆ ತೆಗೆದು ನೋಡಿದೆವು. ಅವರು ಹೊಲಿ, ಹೊಲಿ ಎಂದು ಒತ್ತಾಯ ಮಾಡಿದರು. ನಾನು ಕೂರಲಿಲ್ಲ. ಇನ್ನೂ ಒಂದು ಸ್ಕ್ರೂ ಹಾಕಲಿಕ್ಕೆ ಉಂಟಲ್ಲ.

ಮೆಷಿನ್ ಮಗುಚಲಿಲ್ಲ, ಅಡಿಯಲ್ಲಿ ನೋಡಲೂ ಇಲ್ಲ. ಸ್ಕ್ರೂವನ್ನು ಒಂದು ಗೆರಟೆಯಲ್ಲಿ ಹಾಕಿ ಬೆಂಚಿನ ಎಡಬದಿಗೆ ಇಟ್ಟಿದ್ದೇನೆ. ನನ್ನ ಬಾಬಿನ್ನಿನ ಕೆಂಪು ನೂಲನ್ನು ನಾನೇ ಅದಕ್ಕೆ ಸುತ್ತಿದೆ. ಇನ್ನು ಗುಡಿಸುವುದಿಲ್ಲ.

ಅಕ್ಟೋಬರ್ ನಾಲ್ಕನೇ ತಾರೀಕಿಗೆ ಸ್ಟೇಷನ್ನಿಗೆ ನಾನೂ ವಾಸಪ್ಪಣ್ಣನೂ ಬರುತ್ತೇವೆ. ಬಾ.

ಅಕ್ಕ